ತುಂಬಿದ ಕೊಡವೂ ಭೂಮಿಯ ತೂಗಾಟವೂ

ಓದುಗರ ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ತೋರಿಸಿದಳು. ಭೂಮಿಯೊಳಗಿನ ಕರಗಿದ ಕಬ್ಬಿಣ ತುಳುಕುತ್ತಿದೆ, ಅದರಿಂದ ಭೂಮಿ 430 ದಿನಕ್ಕೊಮ್ಮೆ ವಾಲುತ್ತಿದೆ, ನಡುವಿನ ಗುಂಡು ತಿರುಗುವುದನ್ನೇ ನಿಲ್ಲಿಸಿದೆ, ದೊಡ್ಡ ಭೂಕಂಪಗಳು ಕಾದಿವೆ ಅಂತೆಲ್ಲ ಅದರಲ್ಲಿತ್ತು. ಎಲ್ಲ ಸುಳ್ಳು ಎಂದುಬಿಟ್ಟೆ. ಆಮೇಲೆ ಹುಡುಕಿದರೆ 433 ದಿನದ ಓಲಾಟ ಒಂದು ನಿಜವಾಗಿಯೂ ಇದೆಯಂತೆ, 430 ದಿನದ್ದು ಇನ್ನೊಂದಿದೆಯಂತೆ! ಈಗ ಅವಳಿಗೆ ಏನು ಹೇಳಲಿ? ಶಾಲೆಯಲ್ಲಿ 6 ಇಂಚಿನ ಟೆಲಿಸ್ಕೋಪ್ ಇದೆ. ಅದರಲ್ಲಿ ಮಕ್ಕಳಿಗೆ ಇದನ್ನು ತೋರಿಸಬಹುದೇ?

ಉತ್ತರ: ಮೇಷ್ಟ್ರೇ, ನೀವು ಪೂರ್ತಿ ತಪ್ಪು ಹೇಳಿಲ್ಲ. ಆದರೂ ಆ ಹುಡುಗಿಯನ್ನು ಕರೆದು ಇನ್ನೊಮ್ಮೆ ಮಾತಾಡಿ. ವಿಡಿಯೋದಲ್ಲಿದ್ದ ಅಂಕಿಗಳು ನಿಜವಾದವೇ. ಅವನ್ನು ಒಂದೇ ದಾರಕ್ಕೆ ಪೋಣಿಸಿ ಭಯದ ಹಾರ ಮಾಡಿದ್ದಾರೆ, ಅಷ್ಟೇ. ನಾನು ಈ ಲೆಕ್ಕಗಳ ಜೊತೆ ಬಹಳ ವರ್ಷ ಕೂತವನು. ಶುರುವಿನಲ್ಲಿ ನಾನೇ 430 ಮತ್ತು 433ನ್ನು ಒಂದೇ ಎಂದುಕೊಂಡು ಇಡೀ ಒಂದು ವಾರ ತಪ್ಪು ಗ್ರಾಫ್ ಹಾಕಿದ್ದೆ.

ಮೊದಲು ತುಳುಕುವ ವಿಷಯ. ತುಂಬಿದ ಕೊಡ ತುಳುಕುವುದಿಲ್ಲ ಅಂತೀವಲ್ಲ, ಅದು ಇಲ್ಲಿ ಅಕ್ಷರಶಃ ನಿಜ. ನೀರು ತುಳುಕಬೇಕಾದರೆ ಮೇಲೆ ಖಾಲಿ ಜಾಗ ಬೇಕು. ನಮ್ಮ ಕಾಲ ಕೆಳಗೆ ಸುಮಾರು 2,890 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣ ಮತ್ತು ನಿಕ್ಕಲ್ಲಿನ ಹೊರ ಕೇಂದ್ರಗೋಳ ಶುರುವಾಗುತ್ತದೆ. ಸುಮಾರು 5,150 ಕಿ.ಮೀ. ಆಳದವರೆಗೂ ಅದೇ. ಅದರೊಳಗೆ ಗಟ್ಟಿಯಾದ ಒಳ ಕೇಂದ್ರಗೋಳ. ಎಲ್ಲೂ ಒಂದು ಚೂರು ಖಾಲಿ ಜಾಗವಿಲ್ಲ. ಬಾಯಿ ಬೆಸುಗೆ ಹಾಕಿದ, ಕಂಠದವರೆಗೆ ತುಂಬಿದ ಕೊಡ ಅದು. ಬಕೆಟ್ಟಿನ ನೀರು ಅತ್ತಿತ್ತ ಹೊಯ್ದಾಡುವ ಚಿತ್ರವನ್ನು ತಲೆಯಿಂದ ತೆಗೆದುಬಿಡಿ.

ಹಾಗಾದರೆ ಅದು ದ್ರವ ಅಂತ ಗೊತ್ತಾದದ್ದು ಹೇಗೆ? ಇಲ್ಲಿ ನಮಗೆ ಹತ್ತಿರದ ಒಂದು ಊರು ಬರುತ್ತದೆ. ಗೌರಿಬಿದನೂರಿನ ಬಳಿ 1960ರ ದಶಕದಿಂದಲೂ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಇದೆ. ದೂರದ ಅಣುಬಾಂಬ್ ಪರೀಕ್ಷೆಗಳನ್ನು ಪತ್ತೆ ಮಾಡಲು ಇಟ್ಟದ್ದು. ಚಿಲಿಯಲ್ಲಿ ಭೂಮಿ ನಡುಗಿದರೆ ಒತ್ತಡದ ಅಲೆ ಕೇಂದ್ರಗೋಳವನ್ನು ಹಾದು ಸುಮಾರು 20 ನಿಮಿಷದಲ್ಲಿ ಅಲ್ಲಿಗೆ ಬಂದು ಮುಟ್ಟುತ್ತದೆ. ಆದರೆ ಅಡ್ಡ ಅಲುಗುವ ಇನ್ನೊಂದು ಬಗೆಯ ಅಲೆ ದ್ರವದಲ್ಲಿ ಸಾಗಲಾರದು. ಅದು ಆ ದಾರಿಯಲ್ಲಿ ಬರುವುದೇ ಇಲ್ಲ. ಕೇಂದ್ರಗೋಳ ಎಂಬುದು ಇದೆ ಎಂದು 1906ರಲ್ಲಿ ಭೂಕಂಪದ ಅಲೆಗಳಿಂದ ತೋರಿಸಿದ ರಿಚರ್ಡ್ ಓಲ್ಡ್‌ಹ್ಯಾಮ್ ಕೂಡ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡಿದವರು, 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದವರು. ಅದು ದ್ರವ ಎಂದು ಹೆರಾಲ್ಡ್ ಜೆಫ್ರಿಸ್ ಖಚಿತವಾಗಿ ಹೇಳಿದ್ದು 1926ರಲ್ಲಿ.

ಇನ್ನು ತೂಗಾಟ. ಇದರಲ್ಲಿ ಎರಡು ಬೇರೆ ಬೇರೆ ಚಲನೆಗಳಿವೆ. ಗೊಂದಲ ಎಲ್ಲ ಹುಟ್ಟುವುದು ಇಲ್ಲೇ.

ಒಂದನೆಯದು, ಆಕಾಶದಲ್ಲಿ ಭೂಮಿಯ ಅಕ್ಷ ತೋರುವ ದಿಕ್ಕೇ ಬದಲಾಗುವುದು. ಬುಗುರಿ ತಿರುಗುತ್ತಾ ತಲೆ ಸುತ್ತಿಸುವ ಹಾಗೆ. ಸೂರ್ಯ, ಚಂದ್ರ ಭೂಮಿಯ ಉಬ್ಬಿದ ನಡುವನ್ನು ಎಳೆಯುವುದರಿಂದ ಹೀಗಾಗುತ್ತದೆ. ಸುಮಾರು 26,000 ವರ್ಷಕ್ಕೆ ಒಂದು ಸುತ್ತು. ಇದೇ ನಮ್ಮ ಪಂಚಾಂಗದವರ ಅಯನಚಲನೆ. ಹಗಲು ಹೆಚ್ಚತೊಡಗುವುದು ಡಿಸೆಂಬರ್ 22ರ ಹೊತ್ತಿಗೇ ಆದರೂ ಸಂಕ್ರಾಂತಿ ಜನವರಿ 14–15ಕ್ಕೆ ಬರುವುದು ಇದರಿಂದಲೇ. ಈ ದೊಡ್ಡ ಸುತ್ತಿನ ಮೇಲೆ ಸಣ್ಣ ಸಣ್ಣ ತಲೆದೂಗುಗಳಿವೆ: 18.6 ವರ್ಷದ್ದು, ಒಂದು ವರ್ಷದ್ದು, ಆರು ತಿಂಗಳದ್ದು, ಹದಿನೈದು ದಿನದ್ದು ಹೀಗೆ. ಇವಕ್ಕೆ ನ್ಯುಟೇಷನ್ ಎಂದು ಹೆಸರು. ಜೇಮ್ಸ್ ಬ್ರ್ಯಾಡ್ಲಿ 18.6 ವರ್ಷದ ತಲೆದೂಗನ್ನು ಕಂಡುಹಿಡಿದು 1748ರಲ್ಲಿ ಪ್ರಕಟಿಸಿದರು.

ಎರಡನೆಯದರಲ್ಲಿ ಅಕ್ಷ ಆಕಾಶದಲ್ಲಿ ಎತ್ತ ತೋರುತ್ತಿದೆಯೋ ಅತ್ತಲೇ ಇರುತ್ತದೆ. ಅದರ ಸುತ್ತ ಭೂಮಿಯ ಮೈ ಕೊಂಚ ಜರುಗುತ್ತದೆ. ಅಂದರೆ ಅಕ್ಷ ನೆಲವನ್ನು ತೂರಿ ಹೊರಬರುವ ಜಾಗ, ಧ್ರುವಬಿಂದು, ಮಂಜಿನ ಮೇಲೆ ಅಲೆದಾಡುತ್ತದೆ. ಎಷ್ಟು? ನಿಮ್ಮ ಶಾಲೆಯ ವಾಲಿಬಾಲ್ ಅಂಕಣದಷ್ಟು ಜಾಗದಲ್ಲಿ, ಸರಿಸುಮಾರು. ಇದರಲ್ಲಿ ಒಂದು ಪಾಲು ವರ್ಷಕ್ಕೊಂದು ಸುತ್ತು, ಇನ್ನೊಂದು ಪಾಲು ಸುಮಾರು 433 ದಿನಕ್ಕೊಂದು ಸುತ್ತು. ಎರಡನೆಯ ಪಾಲೇ ಚಾಂಡ್ಲರ್ ಓಲಾಟ. ಸೆತ್ ಚಾಂಡ್ಲರ್ ಅಮೆರಿಕದಲ್ಲಿ ವಿಮಾ ಕಂಪನಿಯ ಲೆಕ್ಕಗಾರರಾಗಿದ್ದವರು. ಖಗೋಳ ಅವರಿಗೆ ಹವ್ಯಾಸ. 18ನೇ ಶತಮಾನದ ಗಣಿತಜ್ಞ ಆಯ್ಲರ್ ಅವರ ಲೆಕ್ಕದ ಪ್ರಕಾರ ಈ ಓಲಾಟ 305 ದಿನದ್ದಿರಬೇಕು ಎಂದು ನಂಬಿ ದೊಡ್ಡ ದೊಡ್ಡ ವೀಕ್ಷಣಾಲಯದವರೆಲ್ಲ ಹತ್ತು ತಿಂಗಳ ಸುತ್ತನ್ನೇ ಹುಡುಕುತ್ತಿದ್ದರು. ಚಾಂಡ್ಲರ್ ಸಿದ್ಧಾಂತ ಪಕ್ಕಕ್ಕಿಟ್ಟು ಅಂಕಿಗಳನ್ನು ನೋಡಿದರು. ಹದಿನಾಲ್ಕು ತಿಂಗಳ ಸುತ್ತು ಸಿಕ್ಕಿತು. ಅದು 1891.

305 ಇರಬೇಕಾದ್ದು 433 ಆಗಿದ್ದು ಯಾಕೆ? ಇಲ್ಲಿ ಕೇಂದ್ರಗೋಳದ ಪಾತ್ರ ಬರುತ್ತದೆ. ಅದು ಜನ ಊಹಿಸುವುದಕ್ಕೆ ಉಲ್ಟಾ. 305 ಎನ್ನುವುದು ಭೂಮಿ ಪೂರ್ತಿ ಗಟ್ಟಿ ಕಲ್ಲುಗುಂಡು ಎಂದುಕೊಂಡರೆ ಬರುವ ಉತ್ತರ. ಒಳಗೆ ದ್ರವವಿದ್ದರೆ, ಹೊರಚಿಪ್ಪು ಓಲಾಡುವಾಗ ದ್ರವ ಹೆಚ್ಚುಕಮ್ಮಿ ಜೊತೆಗೆ ಬರುವುದೇ ಇಲ್ಲ. ಕೇಂದ್ರಗೋಳ ತೂಕದಲ್ಲಿ ಭೂಮಿಯ ಮೂರನೇ ಒಂದು ಪಾಲು. ಆದರೆ ನಡುವಿನಲ್ಲೇ ಇರುವುದರಿಂದ, ತಿರುಗಿಸಲು ಒಡ್ಡುವ ಜಡತ್ವದಲ್ಲಿ ಅದರ ಪಾಲು ಹತ್ತರಲ್ಲಿ ಒಂದರಷ್ಟೇ. ಅಷ್ಟು ಹೊರೆ ಕಮ್ಮಿಯಾದರೆ ಓಲಾಟ ಚುರುಕಾಗುತ್ತದೆ. 305 ಇದ್ದದ್ದು ಸುಮಾರು 270ಕ್ಕೆ ಇಳಿಯುತ್ತದೆ. ಆಮೇಲೆ ಮ್ಯಾಂಟಲ್, ಅಂದರೆ ಕೇಂದ್ರಗೋಳದ ಸುತ್ತಲಿನ ದಪ್ಪ ಕಲ್ಲಿನ ಪದರ, ರಬ್ಬರಿನ ಹಾಗೆ ಸ್ವಲ್ಪ ಬಾಗುವುದರಿಂದ 400ರ ಹತ್ತಿರಕ್ಕೆ ಏರುತ್ತದೆ. ಸಮುದ್ರದ ನೀರು ಸೇರಿಕೊಂಡು ಇನ್ನೊಂದು 30 ದಿನ ಜಗ್ಗುತ್ತದೆ. ಹೀಗೆ 433ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಅಂದರೆ ಚಾಂಡ್ಲರ್ ಓಲಾಟವನ್ನು ಕೇಂದ್ರಗೋಳ ಹುಟ್ಟಿಸಿಲ್ಲ. ಅದನ್ನು ಜೀವಂತ ಇಟ್ಟಿರುವುದು ಸಮುದ್ರದ ತಳದ ಮೇಲಿನ ಒತ್ತಡದ ಏರಿಳಿತ ಮತ್ತು ಗಾಳಿ. 2000ದಲ್ಲಿ ರಿಚರ್ಡ್ ಗ್ರಾಸ್ ಇದನ್ನು ಲೆಕ್ಕ ಹಾಕಿ ತೋರಿಸಿದರು, ಸಮುದ್ರದ ಪಾಲೇ ಜಾಸ್ತಿ ಎಂದು. ಕೇಂದ್ರಗೋಳ ಬರೀ ತಾಳ ಬದಲಿಸುತ್ತದೆ.

ಹಾಗಾದರೆ ಆ ಇನ್ನೊಂದು, 430 ದಿನದ್ದು? ಅದು ನಿಜವಾಗಿಯೂ ಕೇಂದ್ರಗೋಳದ ಸ್ವಂತ ಆಟ. ಇದನ್ನು ಕ್ಲಾಸಿನಲ್ಲೇ ಅರ್ಥ ಮಾಡಿಸಬಹುದು. ದುಂಡನೆಯ ಪಾತ್ರೆಯಲ್ಲಿ ನೀರು ಹಾಕಿ, ಮೇಲೊಂದು ತುಳಸಿ ಎಲೆ ಬಿಡಿ. ಪಾತ್ರೆಯನ್ನು ಸಟಕ್ಕನೆ ಅರ್ಧ ಸುತ್ತು ತಿರುಗಿಸಿ. ಎಲೆ ಇದ್ದಲ್ಲೇ ಇರುತ್ತದೆ. ಪಾತ್ರೆ ತಿರುಗಿದ್ದು ನೀರಿಗೆ ಗೊತ್ತೇ ಆಗಿಲ್ಲ. ಈಗ ಅದೇ ನೀರನ್ನು ಆಯತಾಕಾರದ ಟಿಫಿನ್ ಡಬ್ಬಿಗೆ ಸುರಿದು ತಿರುಗಿಸಿ. ಈ ಸಲ ಗೋಡೆ ನೀರನ್ನು ತಳ್ಳುತ್ತದೆ, ಎಲೆಯೂ ಜೊತೆಗೆ ಹೊರಡುತ್ತದೆ.

ಕೇಂದ್ರಗೋಳವೂ ಪೂರ್ತಿ ದುಂಡಗಿಲ್ಲ. ನಡುವಿನಲ್ಲಿ ಉಬ್ಬಿದೆ, ಧ್ರುವದ ಕಡೆ ಚಪ್ಪಟೆ. ಅದರ ತ್ರಿಜ್ಯ ಸುಮಾರು 3,480 ಕಿ.ಮೀ., ಅದರಲ್ಲಿ ಉಬ್ಬಿನ ವ್ಯತ್ಯಾಸ ಬರೀ 9 ಕಿ.ಮೀ. ಆಸುಪಾಸು. ಇಷ್ಟು ಸಾಕು. ಚಿಪ್ಪು ತಿರುಗುವ ಅಕ್ಷಕ್ಕೂ ದ್ರವ ತಿರುಗುವ ಅಕ್ಷಕ್ಕೂ ಕೂದಲೆಳೆಯಷ್ಟು ಓರೆ ಬಂದರೆ, ಈ ಚಪ್ಪಟೆ ಗೋಡೆ ದ್ರವವನ್ನು ಒತ್ತುತ್ತದೆ, ದ್ರವ ಗೋಡೆಯನ್ನು ಮರಳಿ ಒತ್ತುತ್ತದೆ. ಈ ಜಗ್ಗಾಟ ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತು ಮುಗಿಸಲು ಸುಮಾರು 430 ದಿನ ಬೇಕು, ಅದೂ ಭೂಮಿ ತಿರುಗುವ ದಿಕ್ಕಿಗೆ ಎದುರಾಗಿ. ನೆಲದ ಮೇಲೆ ನಿಂತು ನೋಡುವವರಿಗೆ ಇದೇ ಆಟ ಸುಮಾರು 23 ಗಂಟೆ 53 ನಿಮಿಷದ ಸುತ್ತಾಗಿ ಕಾಣುತ್ತದೆ. ಒಂದು ಆಕಾಶದ ಲೆಕ್ಕ, ಇನ್ನೊಂದು ನೆಲದ ಲೆಕ್ಕ. 433ರ ಓಲಾಟ ನೆಲದ ಲೆಕ್ಕದ್ದು. ಇವೆರಡು ಅಂಕಿಗಳು ಹತ್ತಿರ ಬಂದದ್ದು ಬರೀ ಕಾಕತಾಳೀಯ. ಗಾತ್ರವನ್ನೂ ನೋಡಿ: ಚಾಂಡ್ಲರ್ ಓಲಾಟ ಮೀಟರುಗಳಲ್ಲಿದ್ದರೆ, ಇದು ಭೂಮಿಯ ಮೇಲ್ಮೈಯಲ್ಲಿ ಒಂದು ಸೆಂಟಿಮೀಟರಿಗೂ ಕಮ್ಮಿ. ಇದಕ್ಕೆ ಭೂಮಿ ವಾಲಿಬಿಡುತ್ತದೆ ಅಂದರೆ, ಕಾಳು ಹಾಕಿದ್ದಕ್ಕೆ ತಕ್ಕಡಿ ಮುರಿಯಿತು ಅಂದ ಹಾಗೆ.

ಆದರೂ ಇಷ್ಟು ಚಿಕ್ಕದನ್ನು ಲೆಕ್ಕದಿಂದ ಬಿಡುವಂತಿಲ್ಲ. ಉಯ್ಯಾಲೆಗೆ ಅದರದ್ದೇ ತಾಳದಲ್ಲಿ ತಳ್ಳಿದರೆ ಎತ್ತರಕ್ಕೆ ಹೋಗುತ್ತದಲ್ವಾ? ಸೂರ್ಯ, ಚಂದ್ರ ಕೊಡುವ ತಳ್ಳುಗಳಲ್ಲಿ ಕೆಲವು ಈ 430 ದಿನದ ತಾಳಕ್ಕೆ ಹತ್ತಿರ ಇವೆ, ಕೆಲವು ದೂರ. ಅಯನಚಲನೆ ಬಹಳ ನಿಧಾನ, ಆದ್ದರಿಂದ ದ್ರವ ಕೇಂದ್ರಗೋಳವೂ ಚಿಪ್ಪಿನ ಜೊತೆಗೇ ಸಾಗುತ್ತದೆ. ಆದರೆ ಆರು ತಿಂಗಳ, ಒಂದು ವರ್ಷದ ತಲೆದೂಗುಗಳಲ್ಲಿ ಅದು ಹಿಂದೆ ಬೀಳುತ್ತದೆ. ಗಟ್ಟಿ ಭೂಮಿಯ ಲೆಕ್ಕಕ್ಕೂ ನಿಜಕ್ಕೂ ಸ್ವಲ್ಪ ವ್ಯತ್ಯಾಸ ಉಳಿದುಬಿಡುತ್ತದೆ.

ಆ ವ್ಯತ್ಯಾಸ ಸಿಕ್ಕ ಕಥೆ ನನಗೆ ಈ ಇಡೀ ವಿಷಯದಲ್ಲೇ ಅಚ್ಚುಮೆಚ್ಚು. 1899ರಲ್ಲಿ ಧ್ರುವದ ಅಲೆದಾಟ ಅಳೆಯಲು ಅಂತರರಾಷ್ಟ್ರೀಯ ಅಕ್ಷಾಂಶ ಸೇವೆ ಶುರುವಾಯಿತು. 39 ಡಿಗ್ರಿ 8 ಮಿನಿಟ್ ಉತ್ತರ ಅಕ್ಷಾಂಶದ ಮೇಲೆ ಜಗತ್ತಿನ ಸುತ್ತ ಆರು ಠಾಣೆಗಳು: ಜಪಾನಿನ ಮಿಜುಸಾವಾ, ಮಧ್ಯ ಏಷ್ಯಾದಲ್ಲಿ ಒಂದು, ಇಟಲಿಯ ಕಾರ್ಲೊಫೋರ್ಟೆ, ಅಮೆರಿಕದಲ್ಲಿ ಮೂರು. ಎಲ್ಲರೂ ಅವವೇ ನಕ್ಷತ್ರಗಳನ್ನು ನೋಡಬೇಕು. ಧ್ರುವ ಒಂದು ಕಡೆ ಜರುಗಿದರೆ ಆ ಕಡೆಯವರ ಅಕ್ಷಾಂಶ ಹೆಚ್ಚಬೇಕು, ಎದುರು ಬದಿಯವರದ್ದು ಕಮ್ಮಿಯಾಗಬೇಕು. ಮೊದಲ ಫಲಿತಾಂಶ ಬಂದಾಗ ಮಿಜುಸಾವಾದ ಅಂಕಿಗಳು ಹೊಂದಲಿಲ್ಲ. ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿದ್ದ ಕೇಂದ್ರ ಕಚೇರಿಯವರು ಅವನ್ನು ಕೆಳದರ್ಜೆಯ ಅಳತೆ ಎಂದು ನೋಡಿದರು. ಮಿಜುಸಾವಾ ಠಾಣೆಯ ಮುಖ್ಯಸ್ಥ ಹಿಸಾಶಿ ಕಿಮುರಾ ತಮ್ಮ ಉಪಕರಣವನ್ನೆಲ್ಲ ಬಿಚ್ಚಿ ಪರೀಕ್ಷಿಸಿದರು. ದೋಷ ಸಿಗಲಿಲ್ಲ. ಆಮೇಲೆ ಎಲ್ಲ ಠಾಣೆಗಳ ಅಂಕಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಕೂತರು. ಎಲ್ಲ ಠಾಣೆಗಳಲ್ಲೂ ಒಂದೇ ಸಮಯಕ್ಕೆ, ಒಂದೇ ದಿಕ್ಕಿಗೆ, ವರ್ಷಕ್ಕೊಮ್ಮೆ ಏರಿ ಇಳಿಯುವ ಏನೋ ಒಂದು ಇತ್ತು. ಧ್ರುವ ಜರುಗಿದರೆ ಹಾಗಾಗಲು ಸಾಧ್ಯವಿಲ್ಲ. 1902ರಲ್ಲಿ ಅವರು ಸಮೀಕರಣಕ್ಕೆ ಒಂದು ಹೊಸ ಅಕ್ಷರ ಸೇರಿಸಿದರು, ಝಡ್. ಎಲ್ಲ ಠಾಣೆಗಳ ಅಂಕಿಗಳೂ ತಟ್ಟನೆ ಸರಿಹೋದವು. ಮಿಜುಸಾವಾ ಕಳಪೆ ಠಾಣೆಯೇನೂ ಆಗಿರಲಿಲ್ಲ.

ಆದರೆ ಈ ಝಡ್ ಏನು? ಹವೆಯೇ? ಬೆಳಕು ಬಾಗುವುದೇ? ಸುಮಾರು ಎಪ್ಪತ್ತು ವರ್ಷ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. 1970ರಲ್ಲಿ ಅದೇ ಮಿಜುಸಾವಾದ ಯಾಸುಜಿರೊ ವಾಕೊ ಉತ್ತರ ಕೊಟ್ಟರು. ಆರು ತಿಂಗಳ ತಲೆದೂಗನ್ನು ಎಲ್ಲರೂ ಗಟ್ಟಿ ಭೂಮಿಯ ಲೆಕ್ಕದಲ್ಲಿ ಕಳೆಯುತ್ತಿದ್ದರು. ಕೇಂದ್ರಗೋಳ ದ್ರವವಾದ್ದರಿಂದ ನಿಜವಾದ ತಲೆದೂಗು ಸುಮಾರು 0.02 ಆರ್ಕ್ ಸೆಕೆಂಡಿನಷ್ಟು ಜಾಸ್ತಿ (ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್). ನೆಲದ ಮೇಲೆ ಅದು ಸುಮಾರು 60 ಸೆಂ.ಮೀ. ಆರು ತಿಂಗಳದ್ದು ವರ್ಷದ್ದಾಗಿ ಕಂಡದ್ದು ಯಾಕೆಂದರೆ, ರಾತ್ರಿ ತಲೆಯ ಮೇಲೆ ಬರುವ ನಕ್ಷತ್ರಗಳೂ ಋತುವಿನ ಜೊತೆ ಬದಲಾಗುತ್ತವೆ. ಎರಡೂ ಬೆರೆತು ವರ್ಷದ ಏರಿಳಿತವಾಗಿಬಿಡುತ್ತದೆ. ಕಿಮುರಾ ಕಂಡದ್ದು ಭೂಮಿಯ ಹೊಟ್ಟೆಯೊಳಗಿನ ದ್ರವದ ಗುರುತನ್ನು. ಆಗ ಕೇಂದ್ರಗೋಳ ಎಂಬುದೇ ಇನ್ನೂ ಪತ್ತೆಯಾಗಿರಲಿಲ್ಲ!

ಈಗ ಈ ಕೆಲಸಕ್ಕೆ ಕ್ವೇಸಾರ್‌ಗಳಿವೆ (ಬಹಳ ದೂರದ ಗೆಲಾಕ್ಸಿಗಳ ಹೊಳೆಯುವ ನಡುಭಾಗ, ಆಕಾಶದಲ್ಲಿ ಅಲುಗದ ಗುರುತುಗಳು), ಖಂಡಾಂತರ ರೇಡಿಯೋ ದೂರದರ್ಶಕಗಳ ಜಾಲವಿದೆ. 1986ರಲ್ಲಿ ಗ್ವಿನ್, ಹೆರಿಂಗ್, ಶಪೀರೊ ಅವರು ಒಂದು ವರ್ಷದ ತಲೆದೂಗಿನಲ್ಲಿ ಬಂದ ಚಿಕ್ಕ ವ್ಯತ್ಯಾಸ ಹಿಡಿದು ಒಂದು ಸೋಜಿಗದ ಮಾತು ಹೇಳಿದರು. ಲೆಕ್ಕದ ಪ್ರಕಾರ ಕೇಂದ್ರಗೋಳದ ಆಟ ಸುಮಾರು 460 ದಿನದ್ದಿರಬೇಕಿತ್ತು. ಇದ್ದದ್ದು 430ರ ಸುತ್ತ. ಅಂದರೆ ಕೇಂದ್ರಗೋಳದ ನಡು, ಎಣಿಸಿದ್ದಕ್ಕಿಂತ ಸುಮಾರು ಅರ್ಧ ಕಿ.ಮೀ. ಜಾಸ್ತಿ ಉಬ್ಬಿದೆ. ಯಾರೂ ಹೋಗಲಾಗದ 2,890 ಕಿ.ಮೀ. ಆಳದ ಗೋಡೆಯ ಅರ್ಧ ಕಿ.ಮೀ. ಉಬ್ಬನ್ನು ಕ್ವೇಸಾರ್ ನೋಡಿ ಅಳೆದದ್ದು! ಈಗ ಎಲ್ಲರೂ ಬಳಸುವ ನ್ಯುಟೇಷನ್ ಲೆಕ್ಕವನ್ನು ಕಟ್ಟಿದ ಮೂವರಲ್ಲಿ ಒಬ್ಬರು ಮದ್ರಾಸ್ ವಿಶ್ವವಿದ್ಯಾಲಯದ ಪಿ. ಎಂ. ಮ್ಯಾಥ್ಯೂಸ್. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಇದರ ಉಪಯೋಗ ಏನು ಎಂದು ಕೇಳಿದರೆ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ ಇಸ್ರೋದ ದೊಡ್ಡ ಆಂಟೆನಾ ತೋರಿಸಿ. ಮಂಗಳಯಾನದಂಥ ನೌಕೆ 20 ಕೋಟಿ ಕಿ.ಮೀ. ಆಚೆ ಇರುವಾಗ, ಭೂಮಿಯ ಅಕ್ಷ ಎತ್ತ ತೋರುತ್ತಿದೆ ಎನ್ನುವುದರಲ್ಲಿ 0.02 ಆರ್ಕ್ ಸೆಕೆಂಡ್ ತಪ್ಪಿದರೆ ಅಲ್ಲಿ ಸುಮಾರು 20 ಕಿ.ಮೀ. ತಪ್ಪುತ್ತದೆ.

ವಿಡಿಯೋದ ಉಳಿದ ಎರಡು ಮಾತು ಬೇಗ ಮುಗಿಸುತ್ತೇನೆ. ಒಳ ಕೇಂದ್ರಗೋಳ ನಿಂತಿದೆ ಎನ್ನುವುದು 2023ರ ಒಂದು ಸಂಶೋಧನೆಯನ್ನು ತಿರುಚಿದ್ದು. ಸುಮಾರು 2009ರ ಹೊತ್ತಿಗೆ ಅದು ಮ್ಯಾಂಟಲ್ಲಿಗಿಂತ ಮುಂದೆ ಓಡುವುದನ್ನು ನಿಲ್ಲಿಸಿತು ಎಂದು ಅದರಲ್ಲಿತ್ತು. ಪಕ್ಕದ ಬಸ್ಸು ನಮ್ಮ ಬಸ್ಸಿನಷ್ಟೇ ವೇಗದಲ್ಲಿ ಹೋದರೆ ನಿಂತ ಹಾಗೆ ಕಾಣುತ್ತದೆ. ಅದು ನಿಜವಾಗಿ ನಿಂತಿದೆಯೇ? ಈಗಲೂ ಅದು ದಿನಕ್ಕೊಂದು ಸುತ್ತು ತಿರುಗುತ್ತಲೇ ಇದೆ. ಕೇಂದ್ರಗೋಳ ಮತ್ತು ಮ್ಯಾಂಟಲ್ ನಡುವೆ ಕೊಡುಕೊಳ್ಳುವಿಕೆ ಇರುವುದು ನಿಜ. ಅದರಿಂದ ದಿನದ ಉದ್ದ ದಶಕಗಳಲ್ಲಿ ಕೆಲವು ಮಿಲಿಸೆಕೆಂಡ್ ಏರುಪೇರಾಗುತ್ತದೆ. ಗಡಿಯಾರದವರಿಗೆ ತಲೆನೋವು, ನಮಗಲ್ಲ.

ಭೂಕಂಪಕ್ಕೆ ಬಂದರೆ, ಭೂಕಂಪವೇ ಭೂಮಿಯ ತಿರುಗಾಟವನ್ನು ಎಷ್ಟು ಬದಲಿಸುತ್ತದೆ ಎಂಬ ಲೆಕ್ಕ ಇದೆ. 2004ರ ಸುಮಾತ್ರಾ ಭೂಕಂಪ ದಿನವನ್ನು ಸುಮಾರು 2.7 ಮೈಕ್ರೋಸೆಕೆಂಡ್ ಗಿಡ್ಡ ಮಾಡಿರಬೇಕು, ಧ್ರುವವನ್ನು ಸುಮಾರು 2.5 ಸೆಂ.ಮೀ. ಜರುಗಿಸಿರಬೇಕು. ಅಷ್ಟು ದೊಡ್ಡ ಕಂಪನಕ್ಕೇ ಇಷ್ಟು. ಅದಕ್ಕಿಂತ ನಾವೇ ವಾಸಿ: 1993ರಿಂದ 2010ರವರೆಗೆ ಜಗತ್ತು ಬೋರ್‌ವೆಲ್ ಹಾಕಿ ಎತ್ತಿದ ಅಂತರ್ಜಲದಿಂದ ಧ್ರುವ ಸುಮಾರು 80 ಸೆಂ.ಮೀ. ಜರುಗಿದೆ ಎಂದು 2023ರ ಒಂದು ಲೆಕ್ಕ ಹೇಳುತ್ತದೆ. ಅದರಲ್ಲಿ ವಾಯವ್ಯ ಭಾರತದ ಪಾಲು ದೊಡ್ಡದು.

ಇನ್ನು ಮಕ್ಕಳಿಗೆ ತೋರಿಸುವುದು ಹೇಗೆ? ನಿಮ್ಮ ಟೆಲಿಸ್ಕೋಪಿನಲ್ಲಿ ಆಗುವುದಿಲ್ಲ ಎಂದೇ ಹೇಳುತ್ತೇನೆ. ಧ್ರುವದ ಇಡೀ ಅಲೆದಾಟ ಒಂದು ಆರ್ಕ್ ಸೆಕೆಂಡಿಗೂ ಕಮ್ಮಿ. ನಮ್ಮ ಹವೆಯಲ್ಲಿ ನಕ್ಷತ್ರದ ಚುಕ್ಕೆಯೇ ಒಂದೆರಡು ಆರ್ಕ್ ಸೆಕೆಂಡ್ ನಡುಗುತ್ತದೆ. ಕಿಮುರಾ ಬಳಿಯೂ ದೊಡ್ಡ ಟೆಲಿಸ್ಕೋಪ್ ಇರಲಿಲ್ಲ ನಿಜ. ಆದರೆ ಅವರು ಕಂಬದ ಮೇಲೆ ಅಲುಗದಂತೆ ಕೂರಿಸಿ, ರಾತ್ರಿಗೆ ಹತ್ತಾರು ನಕ್ಷತ್ರಗಳನ್ನು ಜೋಡಿಜೋಡಿಯಾಗಿ ನೋಡಿ, ವರ್ಷಗಟ್ಟಲೆ ಸರಾಸರಿ ತೆಗೆದರು. ಪರೀಕ್ಷೆ, ಮಳೆಗಾಲ ಎರಡರ ನಡುವೆ ಮಕ್ಕಳಿಗೆ ಅದು ಆಗದ ಕೆಲಸ. ಸೋತರೆ ವಿಜ್ಞಾನವೇ ಸುಳ್ಳು ಅಂದುಕೊಂಡಾರು.

ಬೇಯಿಸಿದ ಮೊಟ್ಟೆ, ಹಸಿ ಮೊಟ್ಟೆ ತಿರುಗಿಸಿ ತೋರಿಸಬಹುದು. ಹಸಿ ಮೊಟ್ಟೆಯನ್ನು ಬೆರಳಿಟ್ಟು ಕ್ಷಣ ತಡೆದು ಬಿಟ್ಟರೆ ಮತ್ತೆ ತಿರುಗತೊಡಗುತ್ತದೆ. ಒಳಗಿನದ್ದು ನಿಂತಿರಲಿಲ್ಲವಲ್ಲ! ಚೆನ್ನಾಗಿರುತ್ತದೆ. ಆದರೆ ಹುಷಾರು, ಹೋಲಿಕೆ ಅಲ್ಲಿಗೇ ನಿಲ್ಲಲಿ. ಲಾರ್ಡ್ ಕೆಲ್ವಿನ್ ಇದೇ ಮೊಟ್ಟೆಗಳನ್ನು ತಿರುಗಿಸಿ ತೋರಿಸಿ ಭೂಮಿಯ ಒಳಗು ಗಟ್ಟಿ ಎಂದು ವಾದಿಸಿದ್ದರು. ನನಗೆ ಕೇಳಿದರೆ ತುಳಸಿ ಎಲೆಯ ಪ್ರಯೋಗವೇ ವಾಸಿ. ಖರ್ಚೂ ಇಲ್ಲ, ಮೊಟ್ಟೆ ಮುಟ್ಟದ ಮನೆಯ ಮಕ್ಕಳಿಗೂ ತೊಂದರೆಯಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ನಿಜವಾದ ಅಂಕಿಗಳಿಂದ ಗ್ರಾಫ್ ಹಾಕಿಸುವುದು. ಭೂಮಿಯ ತಿರುಗಾಟದ ಲೆಕ್ಕ ಇಡುವ ಅಂತರರಾಷ್ಟ್ರೀಯ ಸೇವೆ, ಐಇಆರ್‌ಎಸ್, ದಿನದಿನದ ಅಂಕಿಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತದೆ. ಧ್ರುವದ ಎಕ್ಸ್ ಮತ್ತು ವೈ ಎಂಬ ಎರಡು ಕಾಲಂ ತೆಗೆದುಕೊಳ್ಳಿ. ಅವು ಆರ್ಕ್ ಸೆಕೆಂಡಿನಲ್ಲಿರುತ್ತವೆ, 31ರಿಂದ ಗುಣಿಸಿದರೆ ಮೀಟರ್. 1990ರಿಂದ 1997ರವರೆಗಿನದ್ದನ್ನು ಹಾಕಿಸಿ. ವರ್ಷದ ಸುತ್ತೂ 433 ದಿನದ ಸುತ್ತೂ ಆರೂವರೆ ವರ್ಷಕ್ಕೊಮ್ಮೆ ಕೂಡಿ ಕಳೆಯುವುದರಿಂದ ಸುರುಳಿ ದೊಡ್ಡದಾಗುತ್ತಾ ಚಿಕ್ಕದಾಗುತ್ತಾ ಹೋಗುವುದು ಚಂದವಾಗಿ ಕಾಣುತ್ತದೆ. ತೀರಾ ಇತ್ತೀಚಿನ ವರ್ಷಗಳಿಂದ ಶುರು ಮಾಡಬೇಡಿ. 2015ರ ನಂತರ ಚಾಂಡ್ಲರ್ ಓಲಾಟ ಬಹಳ ಸಣ್ಣದಾಗಿಬಿಟ್ಟಿತ್ತು, ಮಕ್ಕಳು ಅದು ಸತ್ತೇಹೋಯಿತು ಎಂದುಕೊಳ್ಳುತ್ತಾರೆ. 1920ರ ದಶಕದಲ್ಲೂ ಹಾಗೇ ಕುಗ್ಗಿ, ಆಮೇಲೆ ಮತ್ತೆ ಬೆಳೆದಿತ್ತು. ಇನ್ನೊಂದು ಮಾತು, ನಾನೂ ಎಡವಿದ ಜಾಗ: ಈ ಕಡತದಲ್ಲಿ ವೈ ಎನ್ನುವುದು 90 ಡಿಗ್ರಿ ಪಶ್ಚಿಮದ ಕಡೆಗೆ ಇದೆ, ಪೂರ್ವಕ್ಕಲ್ಲ. ಮರೆತರೆ ಸುರುಳಿ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಸುತ್ತುತ್ತದೆ.

ಕೇಂದ್ರಗೋಳದ 430 ದಿನದ ಆಟ ಈ ಎರಡು ಕಾಲಮ್ಮಿನಲ್ಲಿ ಸಿಗುವುದಿಲ್ಲ. ಅದೇ ಕಡತದಲ್ಲಿ ಆಕಾಶದ ಧ್ರುವದ ತಿದ್ದುಪಡಿ ಎಂದು ಬೇರೆ ಎರಡು ಕಾಲಂ ಇರುತ್ತವೆ, ಪುಟಾಣಿ ಪುಟಾಣಿ ಅಂಕಿಗಳು. ವಿಡಿಯೋ ತಂದ ಹುಡುಗಿಗೆ ಅವನ್ನೇ ಕೊಡಿ.